ಕಡಿಮೆ ದುಡ್ಡಲ್ಲಿ ಗಟ್ಟಿ ಊಟ: ಪ್ಯಾಕೆಟ್ ಬಿಟ್ಟರೆ ಖರ್ಚು ಜಾಸ್ತಿ ಆಗುತ್ತದಾ?

ಶುಗರ್, ಬಿಪಿ ನೋಡಿಸಿಕೊಂಡು ಬಂದವರಿಗೆಲ್ಲ ಡಾಕ್ಟರ್ ಹೇಳಿ ಕಳಿಸುವ ಮಾತು ಈಗ ಒಂದೇ: ಪ್ಯಾಕೆಟ್ ತಿಂಡಿ, ಬೇಕರಿ ತಿಂಡಿ ಬಿಡಿ. ಸುದ್ದಿಯಲ್ಲೂ ಇದೇ ಮಾತು. 2025ರ ಜನವರಿಯಲ್ಲಿ ಬಂದ ಕೇಂದ್ರ ಸರ್ಕಾರದ ಆರ್ಥಿಕ ಸಮೀಕ್ಷೆ ಈ ಬಗೆಯ ತಿನಿಸುಗಳ ಬಗ್ಗೆ ಎಚ್ಚರಿಸಿತು. ಅದೇ ವರ್ಷ ನವೆಂಬರ್‌ನಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆ ಇದರ ಮೇಲೆ ಒಂದು ಲೇಖನಮಾಲೆಯನ್ನೇ ಪ್ರಕಟಿಸಿತು.

ಸರಿ, ಬಿಟ್ಟೇ ಬಿಡೋಣ ಅಂತ ಮೈಸೂರಿನ ಯಾವುದಾದರೂ ಸಾವಯವ ಅಂಗಡಿಗೆ ಹೋದರೆ ಅಲ್ಲಿನ ಬೆಲೆ ನೋಡಿ ಕೈ ಜೇಬಿಗೆ ಇಳಿಯುವುದಿಲ್ಲ. ಕೆಂಪಕ್ಕಿಗೆ ಒಂದು ರೇಟು, ಗಾಣದ ಎಣ್ಣೆಗೆ ಇನ್ನೊಂದು ರೇಟು. ಒಳ್ಳೆ ಊಟ ಏನಿದ್ದರೂ ದುಡ್ಡಿದ್ದವರಿಗೆ ಅನ್ನಿಸಿ ವಾಪಸ್ ಬರುವವರೇ ಜಾಸ್ತಿ. ಆದರೆ ಲೆಕ್ಕ ಹಾಕಿ ನೋಡಿದರೆ, ಮೈಸೂರು-ಮಂಡ್ಯ ಸೀಮೆಯಲ್ಲಿ ವಿಷಯ ಹಾಗಿಲ್ಲ. ಅದು ಯಾಕೆ ಅಂತ ತಿಳಿಯಲು ಮೊದಲು ಒಂದೆರಡು ಪದ ಬಿಡಿಸಿಕೊಳ್ಳಬೇಕು.

ಸಂಸ್ಕರಣೆ ಅಂದರೆ ಏನು?

ಬೆಳೆದ ಪದಾರ್ಥಕ್ಕೆ ಮನುಷ್ಯ ಮಾಡುವ ಯಾವ ಕೆಲಸವೂ ಸಂಸ್ಕರಣೆಯೇ. ಭತ್ತ ಕುಟ್ಟಿ ಅಕ್ಕಿ ಮಾಡುವುದು, ರಾಗಿ ಬೀಸುವುದು, ಹಾಲಿಗೆ ಹೆಪ್ಪು ಹಾಕುವುದು, ಮೆಣಸಿನಕಾಯಿ ಒಣಗಿಸುವುದು, ಎಲ್ಲವೂ. ಹಾಗಾಗಿ 'ಸಂಸ್ಕರಿಸಿದ್ದೆಲ್ಲ ಕೆಟ್ಟದ್ದು' ಅನ್ನುವುದು ಸರಿಯಲ್ಲ. ಅದರಲ್ಲೂ ಮೈಸೂರಿನವರು ಹಾಗೆ ಅನ್ನುವ ಹಾಗೇ ಇಲ್ಲ. ಆಹಾರ ಸಂಸ್ಕರಣೆಯನ್ನೇ ಅಭ್ಯಾಸ ಮಾಡುವ ಸಿಎಫ್‌ಟಿಆರ್‌ಐ 1950ರಲ್ಲಿ ಶುರುವಾಗಿದ್ದು ಇಲ್ಲೇ, ಚೆಲುವಾಂಬ ಮ್ಯಾನ್ಷನ್‌ನಲ್ಲಿ. ಎಮ್ಮೆ ಹಾಲಿನಿಂದ ಶಿಶು ಆಹಾರ ಮಾಡುವ ವಿಧಾನ ಬಂದಿದ್ದು ಆ ಕಟ್ಟಡದಿಂದ.

ಎಷ್ಟು ಸಂಸ್ಕರಣೆ, ಯಾವ ಥರದ ಸಂಸ್ಕರಣೆ ಅನ್ನುವುದೇ ಪ್ರಶ್ನೆ. ಅದನ್ನು ಅಳೆಯಲು ಬ್ರೆಜಿಲ್‌ನ ಸಾವೊ ಪಾಲೊ ವಿಶ್ವವಿದ್ಯಾಲಯದ ಕಾರ್ಲೋಸ್ ಮೊಂಟೆರೊ ಮತ್ತು ಅವರ ಜೊತೆಗಾರರು 2009ರಿಂದ ಒಂದು ವಿಂಗಡಣೆ ರೂಪಿಸಿದರು. ಅದರ ಹೆಸರು ನೋವಾ. ಅದರಲ್ಲಿ ನಾಲ್ಕು ಗುಂಪುಗಳಿವೆ.

ಮೊದಲನೆಯದು, ಇದ್ದ ಹಾಗೇ ಇರುವ ಅಥವಾ ಅಲ್ಪಸ್ವಲ್ಪ ಕೆಲಸ ಮಾಡಿದ ಪದಾರ್ಥ: ಸೊಪ್ಪು, ತರಕಾರಿ, ಹಣ್ಣು, ಕಾಳು, ಬೇಳೆ, ಅಕ್ಕಿ, ರಾಗಿ ಹಿಟ್ಟು, ಮೊಟ್ಟೆ, ಮಾಂಸ, ಹಾಲು, ಮೊಸರು, ಅವಲಕ್ಕಿ. ಎರಡನೆಯದು ಅಡುಗೆಗೆ ಬಳಸುವ ಸಾಮಗ್ರಿ: ಎಣ್ಣೆ, ತುಪ್ಪ, ಸಕ್ಕರೆ, ಬೆಲ್ಲ, ಉಪ್ಪು. ಇವೆರಡನ್ನೂ ಸೇರಿಸಿ ಮಾಡಿದ ಉಪ್ಪಿನಕಾಯಿ, ಉಪ್ಪು ಹಾಕಿ ಹುರಿದ ಕಡಲೆಬೀಜದಂಥವು ಮೂರನೆಯ ಗುಂಪು.

ಎಲ್ಲರೂ ಮಾತಾಡುತ್ತಿರುವುದು ನಾಲ್ಕನೆಯ ಗುಂಪಿನ ಬಗ್ಗೆ. ಅದನ್ನು 'ಅತಿ ಸಂಸ್ಕರಿತ' ಅನ್ನುತ್ತಾರೆ. ಒಂದು ಹಳೆ ಮನೆ ಕೆಡವಿ, ಇಟ್ಟಿಗೆ, ಮರ, ಕಬ್ಬಿಣ ಬೇರೆ ಬೇರೆ ಮಾಡಿ, ಅದರಲ್ಲಿ ಅಗ್ಗದ್ದನ್ನು ಆರಿಸಿ, ಅಂಟು-ಬಣ್ಣ ಬಳಿದು ಹೊಸ ಶೆಡ್ ಎಬ್ಬಿಸಿದ ಹಾಗೆ ಅದು. ಜೋಳವನ್ನೋ ಗೋಧಿಯನ್ನೋ ಸೋಯಾವನ್ನೋ ಒಡೆದು ಪಿಷ್ಟ, ಸಿರಪ್, ಪ್ರೋಟೀನ್, ಎಣ್ಣೆ ಅಂತ ಬೇರೆ ಮಾಡುತ್ತಾರೆ. ಆಮೇಲೆ ಅವನ್ನು ಕೂಡಿಸಿ, ಕೃತಕ ಪರಿಮಳ, ಬಣ್ಣ, ಎಣ್ಣೆ-ನೀರು ಬೇರೆಯಾಗದ ಹಾಗೆ ಹಿಡಿದಿಡುವ ಪದಾರ್ಥ ಸೇರಿಸಿ ತಿನಿಸು ಮಾಡುತ್ತಾರೆ. ಕೂಲ್ ಡ್ರಿಂಕ್ಸ್, ಇನ್‌ಸ್ಟಂಟ್ ನೂಡಲ್ಸ್, ಕ್ರೀಂ ಬಿಸ್ಕತ್, ಬಣ್ಣಬಣ್ಣದ ಕುರುಕಲು, ಹಾಲಿಗೆ ಹಾಕಿ ಕುಡಿಯುವ ಸಿಹಿ ಪುಡಿ, ಇವೆಲ್ಲ ಬಹುಮಟ್ಟಿಗೆ ಇದೇ ಗುಂಪು. ಮನೆಯ ಅಡುಗೆಮನೆಯಲ್ಲಿ ಇಲ್ಲದ ಪದಾರ್ಥ ಪಟ್ಟಿಯಲ್ಲಿ ಕಂಡರೆ ಅದೇ ಗುರುತು.

ಇಲ್ಲಿ ಒಂದು ತಕರಾರಿದೆ. ನೋವಾ ನೋಡುವುದು ತಯಾರಿಸುವ ಬಗೆಯನ್ನು ಮಾತ್ರ, ಪೌಷ್ಟಿಕಾಂಶವನ್ನಲ್ಲ. ಮನೆಯಲ್ಲಿ ಮಾಡಿದ ಮೈಸೂರು ಪಾಕ್ ಅತಿ ಸಂಸ್ಕರಿತ ಅಲ್ಲ. ಹೋಟೆಲಿನಲ್ಲಿ ಆಗತಾನೇ ಕರಿದ ಮದ್ದೂರು ವಡೆಯೂ ಅಲ್ಲ. ಹಾಗಂತ ದಿನಾ ತಿನ್ನಬಹುದು ಅಂತಲ್ಲ, ಅಲ್ವಾ? ವಿಜ್ಞಾನಿಗಳಲ್ಲೂ ಈ ಬಗ್ಗೆ ಜಗಳ ಇನ್ನೂ ಮುಗಿದಿಲ್ಲ. ಆದರೆ ಅಂಗಡಿ ಮುಂದೆ ನಿಂತಾಗ ಯಾವುದನ್ನು ಕೈಗೆತ್ತಿಕೊಳ್ಳಬೇಕು ಅಂತ ತಿಳಿಯಲು ಈ ವಿಂಗಡಣೆ ಸಾಕು.

ಸಾವಯವ ಬೇರೆ, ಇದು ಬೇರೆ

ಬೆಲೆ ನೋಡಿ ಹೆದರುವುದಕ್ಕೆ ಮುಖ್ಯ ಕಾರಣ ಇವೆರಡನ್ನೂ ಒಂದೇ ಅಂದುಕೊಳ್ಳುವುದು. ಸಾವಯವ ಅನ್ನುವುದು ಬೆಳೆ ಹೇಗೆ ಬೆಳೆದರು ಅನ್ನುವ ಮಾತು. ಸಂಸ್ಕರಣೆ ಅನ್ನುವುದು ಕೊಯ್ಲಾದ ಮೇಲೆ ಅದಕ್ಕೆ ಏನು ಮಾಡಿದರು ಅನ್ನುವ ಮಾತು. ಸಾವಯವ ಗೋಧಿಯಿಂದ ಮಾಡಿದ ಕ್ರೀಂ ಬಿಸ್ಕತ್ತೂ ಕ್ರೀಂ ಬಿಸ್ಕತ್ತೇ. ಸಂತೆಯಲ್ಲಿ ಕೊಂಡ ಮಾಮೂಲಿ ಹುರುಳಿಕಾಳು ಸಂಸ್ಕರಿಸದ ಆಹಾರವೇ. ಕೈಯಲ್ಲಿ ದುಡ್ಡು ಕಡಿಮೆ ಇದ್ದಾಗ ಮೊದಲು ನೋಡಬೇಕಾದ್ದು ಸಂಸ್ಕರಣೆಯನ್ನು. ಸಾವಯವ ಆಮೇಲೆ ನೋಡಿದರಾಯಿತು.

ಸಿರಿಧಾನ್ಯದ ಮಾತೂ ಇಷ್ಟೇ. ನವಣೆ, ಸಾಮೆ, ಹಾರಕ ಒಳ್ಳೆಯವೇ, ಆದರೆ ನಮ್ಮ ಕಡೆ ಬೆಲೆ ಜಾಸ್ತಿ. ರಾಗಿಯೂ ಅದೇ ಕುಲದ ಕಿರುಧಾನ್ಯ. ಅದನ್ನು ಮನೆಯಲ್ಲಿಟ್ಟುಕೊಂಡು ನವಣೆಗೆ ಸಾಲ ಮಾಡಬೇಕಾಗಿಲ್ಲ.

ಇಷ್ಟು ಗಲಾಟೆ ಯಾಕೆ?

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಮತ್ತು ಸಂಗಡಿಗರು ಮಾಡಿದ ಒಂದು ಪ್ರಯೋಗ 2019ರಲ್ಲಿ ಪ್ರಕಟವಾಯಿತು. 20 ಜನರನ್ನು ಒಂದೇ ಕಡೆ ಇರಿಸಿ, ಎರಡು ವಾರ ಅತಿ ಸಂಸ್ಕರಿತ ಊಟ, ಎರಡು ವಾರ ಸಂಸ್ಕರಿಸದ ಊಟ ಕೊಟ್ಟರು. ಮುಂದಿಟ್ಟ ಎರಡೂ ಊಟದಲ್ಲಿ ಕ್ಯಾಲೊರಿ, ಸಕ್ಕರೆ, ಕೊಬ್ಬು, ಉಪ್ಪು, ನಾರು ಸಮವಾಗಿರುವ ಹಾಗೆ ನೋಡಿಕೊಂಡಿದ್ದರು. ಬೇಕಾದಷ್ಟು ತಿನ್ನಿ, ಬೇಡವಾದರೆ ಬಿಡಿ ಅಂದಿದ್ದರು. ಅತಿ ಸಂಸ್ಕರಿತ ಊಟ ಮಾಡಿದ ವಾರಗಳಲ್ಲಿ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದರು, ಎರಡು ವಾರದಲ್ಲಿ ಹತ್ತಿರ ಹತ್ತಿರ ಒಂದು ಕೆಜಿ ತೂಕ ಏರಿಸಿಕೊಂಡರು. ಇನ್ನೊಂದು ಊಟದಲ್ಲಿ ಅಷ್ಟೇ ತೂಕ ಇಳಿಯಿತು. ಮೆತ್ತಗಿರುವ ತಿನಿಸು ಬೇಗ ಬೇಗ ಒಳಗೆ ಹೋಗುತ್ತದೆ, ಹೊಟ್ಟೆ ತುಂಬಿತು ಅಂತ ತಲೆಗೆ ಗೊತ್ತಾಗುವ ಹೊತ್ತಿಗೆ ತಟ್ಟೆ ಖಾಲಿ. ಇದು ಒಂದು ಕಾರಣ ಅಂತ ತಜ್ಞರು ಹೇಳುತ್ತಾರೆ.

ಅದೇ ಪ್ರಯೋಗದಲ್ಲಿ ಖರ್ಚಿನ ಲೆಕ್ಕವೂ ಇತ್ತು. ವಾರಕ್ಕೆ ಅತಿ ಸಂಸ್ಕರಿತ ಊಟಕ್ಕೆ 106 ಡಾಲರ್, ಸಂಸ್ಕರಿಸದ್ದಕ್ಕೆ 151 ಡಾಲರ್. 'ಆರೋಗ್ಯದ ಊಟ ದುಬಾರಿ' ಅನ್ನುವ ಮಾತು ಹುಟ್ಟುವುದು ಇಂಥ ಲೆಕ್ಕದಿಂದ. ಅದು ಅಮೆರಿಕದ ಸೂಪರ್ ಮಾರ್ಕೆಟ್‌ನ ಲೆಕ್ಕ. ನಮ್ಮ ಸಂತೆಯದ್ದಲ್ಲ.

ಹತ್ತು ರೂಪಾಯಿ ಪ್ಯಾಕೆಟ್‌ಗೆ ಕೆಜಿ ಲೆಕ್ಕ

ಪ್ಯಾಕೆಟ್ ಅಗ್ಗ ಅನ್ನಿಸುವುದು ಅದರ ಬೆಲೆ ಹತ್ತು ರೂಪಾಯಿ ಇರುವುದರಿಂದ. ಹಿಂದೆ ತಿರುಗಿಸಿ ತೂಕ ನೋಡಿ. 10 ರೂಪಾಯಿಗೆ 25 ಗ್ರಾಂ ಚಿಪ್ಸ್ ಇದ್ದರೆ ಕೆಜಿಗೆ 400 ರೂಪಾಯಿ ಆಯಿತು. ಆಲೂಗಡ್ಡೆಗೆ ಯಾರಾದರೂ ಕೆಜಿಗೆ 400 ಕೊಡುತ್ತಾರಾ?

ಇನ್ನೂ ಸರಿಯಾದ ಲೆಕ್ಕ ಬೇಕಾದರೆ ತೂಕಕ್ಕಲ್ಲ, ಪ್ರೋಟೀನ್‌ಗೆ ಬೆಲೆ ಕಟ್ಟಬೇಕು. ಕಡಿಮೆ ದುಡ್ಡಿನ ಊಟದಲ್ಲಿ ಮೊದಲು ತಪ್ಪಿಹೋಗುವುದು ಅದೇ. ಕೆಳಗಿನ ಬೆಲೆಗಳು ಅಂದಾಜಿನವು, ನಿಮ್ಮ ಅಂಗಡಿಯ ರೇಟು ಹಾಕಿಕೊಳ್ಳಿ. ಹುರುಳಿಕಾಳಿನಲ್ಲಿ 100 ಗ್ರಾಂಗೆ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ಕೆಜಿಗೆ 80 ರೂಪಾಯಿ ಅಂತ ಹಿಡಿದರೆ 10 ಗ್ರಾಂ ಪ್ರೋಟೀನ್‌ಗೆ ನಾಲ್ಕು ರೂಪಾಯಿಯೂ ಆಗುವುದಿಲ್ಲ. ತೊಗರಿಬೇಳೆಗೆ ಕೆಜಿಗೆ 130 ಆದರೆ ಆರು ರೂಪಾಯಿ. ಕಡಲೆಬೀಜಕ್ಕೂ ಹೆಚ್ಚುಕಡಿಮೆ ಅಷ್ಟೇ. ಏಳು ರೂಪಾಯಿಯ ಮೊಟ್ಟೆಯಲ್ಲಿ ಆರೂವರೆ ಗ್ರಾಂ ಇರುತ್ತದೆ, ಅಂದರೆ 11 ರೂಪಾಯಿ. ಹಾಲಿಗೆ 14-15 ರೂಪಾಯಿ. 100 ಗ್ರಾಂಗೆ 10 ಗ್ರಾಂ ಪ್ರೋಟೀನ್ ಇರುವ, ಕೆಜಿಗೆ 400 ರೂಪಾಯಿಯ ಹಾಲಿಗೆ ಹಾಕುವ ಸಿಹಿ ಪುಡಿಯ ಡಬ್ಬ ತಂದರೆ 40 ರೂಪಾಯಿ. ಮಕ್ಕಳು ಎತ್ತರ ಬೆಳೆಯಲಿ ಅಂತ ಈ ಡಬ್ಬಕ್ಕೆ ತಿಂಗಳಿಗೆ ಸುರಿಯುವ ದುಡ್ಡಲ್ಲಿ ಎಷ್ಟು ಮೊಟ್ಟೆ ಬರುತ್ತದೆ, ನೀವೇ ಲೆಕ್ಕ ಹಾಕಿ.

ತಟ್ಟೆಯಲ್ಲಿ ಏನಿರಬೇಕು

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮೇ ತಿಂಗಳಲ್ಲಿ ಭಾರತೀಯರಿಗೆ ಆಹಾರದ ಮಾರ್ಗಸೂಚಿ ಹೊರತಂದಿತು. ದಿನಕ್ಕೆ 2,000 ಕ್ಯಾಲೊರಿ ಬೇಕಾದ ಒಬ್ಬರಿಗೆ ಅದು ಹೇಳುವ ಲೆಕ್ಕ ಹೀಗಿದೆ: ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ, ತರಕಾರಿ-ಸೊಪ್ಪು 400 ಗ್ರಾಂ, ಹಣ್ಣು 100 ಗ್ರಾಂ, ಎಣ್ಣೆಕಾಳು-ಬೀಜ 35 ಗ್ರಾಂ, ಎಣ್ಣೆ 27 ಗ್ರಾಂ, ಹಾಲು ಅಥವಾ ಮೊಸರು 300 ಮಿಲಿ. ಮಾಂಸ, ಮೊಟ್ಟೆ ತಿನ್ನುವವರು ಕಾಳಿನ ಒಂದು ಪಾಲನ್ನು ಅದಕ್ಕೆ ಬದಲಾಯಿಸಿಕೊಳ್ಳಬಹುದು.

ಇದನ್ನು ನಮ್ಮ ತಟ್ಟೆ ಪಕ್ಕ ಇಟ್ಟು ನೋಡಿದರೆ ತೊಂದರೆ ಪ್ಯಾಕೆಟ್‌ನಲ್ಲಿ ಮಾತ್ರ ಇಲ್ಲ ಅಂತ ಗೊತ್ತಾಗುತ್ತದೆ. ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ಅನ್ನ ಸಾರು, ರಾತ್ರಿ ಮತ್ತೆ ಅನ್ನ. ಅನ್ನದ ಗುಡ್ಡೆ, ಅದರ ಮೇಲೆ ತೆಳ್ಳಗಿನ ಸಾರು. 85 ಗ್ರಾಂ ಕಾಳು ಅಂದರೆ ಒಂದೂವರೆ ಹಿಡಿಯಷ್ಟು ಹಸಿ ಕಾಳು. ಒಬ್ಬರಿಗೆ, ದಿನಾ. ನಾಲ್ಕು ಜನರ ಮನೆಯಲ್ಲಿ ಅರ್ಧ ಪಾವು ಬೇಳೆಯಲ್ಲಿ ಎರಡು ಹೊತ್ತು ಕಳೆಯುವವರು ಸಂಸ್ಕರಿಸದ ಊಟವನ್ನೇ ಮಾಡುತ್ತಿದ್ದಾರೆ, ಆದರೆ ಅದು ಪೂರ್ತಿ ಊಟವಲ್ಲ.

ಮುದ್ದೆಗೆ ಜೊತೆ ಯಾಕೆ ಬೇಕು

ರಾಷ್ಟ್ರೀಯ ಪೋಷಣಾ ಸಂಸ್ಥೆಯ ಪಟ್ಟಿಯ ಪ್ರಕಾರ 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ, 11 ಗ್ರಾಂ ನಾರು ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಕ್ಯಾಲ್ಸಿಯಂ ಹತ್ತು ಮಿಲಿಗ್ರಾಂ ಕೂಡ ಇಲ್ಲ, ನಾರು ಮೂರು ಗ್ರಾಂ ಒಳಗೆ. ರಾಗಿಗೆ ಈ ಭಾಗ್ಯ ಬಂದಿದ್ದು ಅದರ ಹಟದಿಂದ. ಒಳಗಿನ ತಿರುಳು ಮೆತ್ತಗೆ, ಸಿಪ್ಪೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಅಕ್ಕಿಯ ಹಾಗೆ ಪಾಲಿಶ್ ಮಾಡಲು ಹೋದರೆ ಕಾಳೇ ಪುಡಿಯಾಗುತ್ತದೆ. ಹಾಗಾಗಿ ಸಿಪ್ಪೆ ಸಮೇತ ಬೀಸಲೇಬೇಕು. (ಸಿಎಫ್‌ಟಿಆರ್‌ಐನವರು ಹಬೆಯಲ್ಲಿ ಗಟ್ಟಿ ಮಾಡಿ ಸಿಪ್ಪೆ ತೆಗೆಯುವ ವಿಧಾನವನ್ನೂ ಕಂಡುಹಿಡಿದಿದ್ದಾರೆ, ಅದು ಬೇರೆ ಮಾತು.) ಕ್ಯಾಲ್ಸಿಯಂ, ನಾರಿನ ದೊಡ್ಡ ಪಾಲು ಆ ಸಿಪ್ಪೆಯಲ್ಲೇ ಇದೆ. ಹಿಟ್ಟನ್ನು ಬಟ್ಟೆಯಲ್ಲಿ ಜಾಲಿಸಿ ನುಣ್ಣಗೆ ಮಾಡಿದರೆ ಅಷ್ಟನ್ನೂ ಚೆಲ್ಲಿದ ಹಾಗೆ.

ಮಂಡ್ಯಕ್ಕೂ ರಾಗಿಗೂ ಇನ್ನೊಂದು ನಂಟಿದೆ. 'ರಾಗಿ ಲಕ್ಷ್ಮಣಯ್ಯ' ಅಂತಲೇ ಹೆಸರಾದ ವಿಜ್ಞಾನಿ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ಭಾರತದ ಮತ್ತು ಆಫ್ರಿಕಾದ ರಾಗಿ ತಳಿಗಳನ್ನು ಕೂಡಿಸಿ ಇಂಡಾಫ್ ತಳಿಗಳನ್ನು ತಂದರು. ಇಳುವರಿ ಏರಿತು. ಬಡವರ ಮನೆಯ ಹಿಟ್ಟಿನ ಮಡಕೆ ತುಂಬಿದ್ದರಲ್ಲಿ ಆ ಫಾರಂನ ಪಾಲು ದೊಡ್ಡದು.

ಆದರೆ ರಾಗಿ ಒಂದೇ ಸಾಲದು. ಧಾನ್ಯದ ಪ್ರೋಟೀನ್‌ನಲ್ಲಿ ಲೈಸಿನ್ ಅನ್ನುವ ಅಂಶ ಕಡಿಮೆ. ಕಾಳಿನಲ್ಲಿ ಅದು ಚೆನ್ನಾಗಿದೆ, ಆದರೆ ಮೆಥಿಯೊನಿನ್ ಅನ್ನುವ ಇನ್ನೊಂದು ಅಂಶ ಕಡಿಮೆ. ರಾಗಿಯಲ್ಲಿ ಅದಿದೆ. ಎರಡನ್ನೂ ಕೂಡಿಸಿ ತಿಂದರೆ ಒಂದರ ಕೊರತೆ ಇನ್ನೊಂದು ತುಂಬುತ್ತದೆ. ಮುದ್ದೆಗೆ ಹುರುಳಿಕಾಳು ಸಾರು ಅನ್ನುವುದರ ಹಿಂದೆ ಇರುವ ವಿಜ್ಞಾನ ಇಷ್ಟೇ.

ಬಸ್ಸಾರಿನ ಲೆಕ್ಕ

ಒಂದು ರಾತ್ರಿಯ ಊಟವನ್ನು ಹತ್ತಿರದಿಂದ ನೋಡೋಣ. ನಾಲ್ಕು ಜನಕ್ಕೆ ಬಸ್ಸಾರು, ಮುದ್ದೆ, ಸ್ವಲ್ಪ ಅನ್ನ.

ಅಲಸಂದೆ ಕಾಳು 150 ಗ್ರಾಂ ನೆನೆಸಿಟ್ಟು ಬೇಯಿಸಿ. ಮುಕ್ಕಾಲು ಬೆಂದಾಗ ಎರಡು ಕಟ್ಟು ದಂಟಿನ ಸೊಪ್ಪು ಹಾಕಿ, ಉಪ್ಪು ಹಾಕಿ. ಸೊಪ್ಪನ್ನು ಮೊದಲು ತೊಳೆದು ಆಮೇಲೆ ಹೆಚ್ಚಿ. ಹೆಚ್ಚಿದ ಮೇಲೆ ತೊಳೆದರೆ ಸಾರ ನೀರಿನ ಜೊತೆ ಮೋರಿಗೆ. ಎಳೆ ದಂಟನ್ನೂ ಬಿಡಬೇಡಿ. ಬೆಂದ ಮೇಲೆ ಬಸಿಯಿರಿ. ಕೆಳಗೆ ಇಳಿದ ನೀರಿಗೆ (ಇದನ್ನೇ ಕಟ್ಟು ಅನ್ನುವುದು) ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಸಾರಿನ ಪುಡಿ, ಹುಣಸೆಹಣ್ಣು, ಒಂದು ಚೂರು ತೆಂಗಿನಕಾಯಿ, ಬೆಂದ ಸೊಪ್ಪು-ಕಾಳಿನದೇ ಒಂದು ಹಿಡಿ ರುಬ್ಬಿ ಹಾಕಿ ಕುದಿಸಿ. ಮೇಲೆ ಉಳಿದ ಸೊಪ್ಪು-ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಪಾತ್ರೆಯಲ್ಲಿ ಬೆಂದಿದ್ದು, ಎರಡು ಅಡುಗೆ.

ಇದರ ಜಾಣತನ ಆ ಕಟ್ಟಿನಲ್ಲಿದೆ. ಬಿ ಗುಂಪಿನ ವಿಟಮಿನ್‌ಗಳು, ಫೋಲೇಟ್, ಪೊಟ್ಯಾಸಿಯಂ ನೀರಿನಲ್ಲಿ ಕರಗುತ್ತವೆ. ಸೊಪ್ಪು ಬೇಯಿಸಿ ನೀರು ಚೆಲ್ಲುವ ಅಡುಗೆಯಲ್ಲಿ ಅವು ಹೋಗಿಬಿಡುತ್ತವೆ. ಬಸ್ಸಾರಿನಲ್ಲಿ ಆ ನೀರೇ ಸಾರು. ಮೇಲೆ ನಿಂಬೆಹಣ್ಣು ಹಿಂಡಿದರೆ ಇನ್ನೂ ಒಳ್ಳೆಯದು. ಸೊಪ್ಪು, ಕಾಳಿನ ಕಬ್ಬಿಣಾಂಶವನ್ನು ಮೈ ಹೀರಿಕೊಳ್ಳಲು ವಿಟಮಿನ್ ಸಿ ನೆರವಾಗುತ್ತದೆ. ಊಟ ಆದ ಕೂಡಲೇ ಕಾಫಿ-ಟೀ ಕುಡಿದರೆ ಅದೇ ಕಬ್ಬಿಣಾಂಶಕ್ಕೆ ಅಡ್ಡಿ. ಒಂದು ಗಂಟೆ ತಡೆಯಿರಿ.

ಈಗ ಖರ್ಚು. ರಾಗಿ ಹಿಟ್ಟು 400 ಗ್ರಾಂ, ಕೆಜಿಗೆ 50ರ ಲೆಕ್ಕದಲ್ಲಿ 20 ರೂಪಾಯಿ. ಕಾಳು 15. ಸೊಪ್ಪು 30. ಈರುಳ್ಳಿ, ಕಾಯಿ, ಎಣ್ಣೆ, ಮಸಾಲೆ 25. ರೇಷನ್ ಅಕ್ಕಿ 200 ಗ್ರಾಂ, ದುಡ್ಡಿಲ್ಲ. ಒಟ್ಟು 90 ರೂಪಾಯಿ. ಗ್ಯಾಸ್ ಬೇರೆ. ಅದೇ ನಾಲ್ಕು ಜನಕ್ಕೆ 15 ರೂಪಾಯಿಯ 70 ಗ್ರಾಂ ನೂಡಲ್ಸ್ ನಾಲ್ಕು ತಂದರೆ 60 ರೂಪಾಯಿ. ಬಿಲ್ ನೋಡಿದರೆ ನೂಡಲ್ಸೇ ಅಗ್ಗ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ 60 ರೂಪಾಯಿಗೆ ಬಂದಿದ್ದು 1,200 ಕ್ಯಾಲೊರಿ, 24 ಗ್ರಾಂ ಆಸುಪಾಸಿನ ಪ್ರೋಟೀನ್. 90 ರೂಪಾಯಿಗೆ ಬಂದಿದ್ದು 2,500 ಕ್ಯಾಲೊರಿ, 75 ಗ್ರಾಂ ಪ್ರೋಟೀನ್. ಕ್ಯಾಲ್ಸಿಯಂ ಬರೀ ರಾಗಿಯಿಂದಲೇ ತಲೆಗೆ 360 ಮಿಲಿಗ್ರಾಂ, ಅಂದರೆ ದೊಡ್ಡವರಿಗೆ ದಿನಕ್ಕೆ ಬೇಕಾದ 1,000ದಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ. ನೂಡಲ್ಸ್ ತಿಂದವರು ಒಂಬತ್ತೂವರೆಗೆ ಮತ್ತೆ ಡಬ್ಬ ತಡಕುತ್ತಾರೆ. ಆ ಖರ್ಚು ಬಿಲ್‌ನಲ್ಲಿ ಇರುವುದಿಲ್ಲ.

ಇನ್ನೂ ಕಡಿಮೆಯಲ್ಲಿ ಆಗಬೇಕೆಂದರೆ ಉಪ್ಸಾರು. ಕಾಯಿ ಬೇಡ, ಎಣ್ಣೆ ಬೇಡ. ಕಾಳು-ಸೊಪ್ಪು ಉಪ್ಪು ಹಾಕಿ ಬೇಯಿಸಿ, ಖಾರ ಬೇರೆ ಅರೆದಿಟ್ಟರೆ ಮುಗಿಯಿತು.

ದುಡ್ಡಿಗಿಂತ ದುಬಾರಿ, ಸಮಯ

ನಿಜವಾದ ತೊಡಕು ಇರುವುದು ಇಲ್ಲಿ. ಬೆಳಿಗ್ಗೆ ಏಳಕ್ಕೆ ಗಾರ್ಮೆಂಟ್ಸ್ ಬಸ್ ಹಿಡಿದು ಸಂಜೆ ಏಳಕ್ಕೆ ಮನೆ ಸೇರುವ ಹೆಂಗಸಿಗೆ ಸೊಪ್ಪು ಬಿಡಿಸು ಅನ್ನುವುದು ಸುಲಭ. ಬಿಡಿಸುವವರು ಯಾರು? ಮನೆಯಲ್ಲಿ ಎಲ್ಲರೂ ಕೈ ಹಾಕದಿದ್ದರೆ ಈ ಲೇಖನದ ಲೆಕ್ಕ ಯಾವುದೂ ನಡೆಯುವುದಿಲ್ಲ. ಪ್ಯಾಕೆಟ್ ಮಾರುವವರು ಮಾರುವುದು ರುಚಿಯನ್ನಲ್ಲ, ಹತ್ತು ನಿಮಿಷವನ್ನು.

ಸಮಯ ಉಳಿಸುವ ದಾರಿ ನಮ್ಮ ಅಡುಗೆಯಲ್ಲೂ ಇದೆ. ಭಾನುವಾರ ಬೆಳಿಗ್ಗೆ ಅರ್ಧ ಕೆಜಿ ಹುರುಳಿಕಾಳು ನೆನೆಹಾಕಿ. ರಾತ್ರಿ ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ ತೂಗುಹಾಕಿ. ಮರುದಿನ ಬೆಳಿಗ್ಗೆ ಬಿಳಿ ಮೊಳಕೆ ಬಟ್ಟೆಯಿಂದ ಇಣುಕುತ್ತಿರುತ್ತದೆ. ಫ್ರಿಜ್ ಇದ್ದರೆ ಮೂರು ದಿನ ಇಡಬಹುದು. ಸಾರಿಗೆ, ಪಲ್ಯಕ್ಕೆ, ಅವಲಕ್ಕಿಗೆ ಒಂದೊಂದು ಹಿಡಿ. ಕಾಳಿನಲ್ಲಿ ಫೈಟೇಟ್ ಅನ್ನುವ ಅಂಶ ಕಬ್ಬಿಣ, ಸತುವನ್ನು ಹಿಡಿದಿಟ್ಟುಕೊಂಡಿರುತ್ತದೆ, ಮೊಳಕೆ ಬಂದಾಗ ಅದು ಕಡಿಮೆಯಾಗುತ್ತದೆ. ಬೇಗ ಬೇಯುತ್ತದೆ, ಗ್ಯಾಸೂ ಉಳಿಯುತ್ತದೆ. ಹಸಿ ಮೊಳಕೆಯನ್ನು ಹಾಗೇ ತಿನ್ನುವ ಬದಲು ಬೇಯಿಸಿ ತಿನ್ನುವುದು ಒಳ್ಳೆಯದು. ಒದ್ದೆ ಬೆಚ್ಚಗಿನ ಜಾಗದಲ್ಲಿ ಕಾಳಿನ ಜೊತೆ ರೋಗಾಣುಗಳೂ ಬೆಳೆಯುತ್ತವೆ.

ಇನ್ನು ನಮ್ಮವರ ಹಳೆಯ ಇನ್‌ಸ್ಟಂಟ್ ತಿಂಡಿ ಹುರಿಹಿಟ್ಟು. ರಾಗಿಯನ್ನು ನೀರು ಚಿಮುಕಿಸಿ ಅರಳು ಹುರಿದು ಬೀಸಿದ ಹಿಟ್ಟು. ಒಲೆ ಹಚ್ಚುವ ಕೆಲಸವೇ ಇಲ್ಲ. ಮಜ್ಜಿಗೆಗೋ ಹಾಲಿಗೋ ಕಲಸಿದರೆ ಎರಡು ನಿಮಿಷದ ತಿಂಡಿ. ಶಾಲೆಯಿಂದ ಬಂದ ಮಕ್ಕಳಿಗೆ ಚಿಪ್ಸ್ ಬದಲು ಕಡ್ಲೆಪುರಿಗೆ ಹುರಿಗಡಲೆ, ಕಡಲೆಬೀಜ, ಈರುಳ್ಳಿ ಕಲಸಿ ಕೊಟ್ಟರೂ ಆಯಿತು. ಸರ್ಕಾರಿ ಶಾಲೆಯ ಮಕ್ಕಳಿಗೆ ಬಿಸಿಯೂಟ, ಹಾಲು, ಮೊಟ್ಟೆ ಅಥವಾ ಬಾಳೆಹಣ್ಣು ಸಿಗುತ್ತದೆ, ಅದನ್ನು ಬಿಟ್ಟು ಡಬ್ಬಿಗೆ ನೂಡಲ್ಸ್ ಕಟ್ಟಿ ಕಳಿಸುವುದರಲ್ಲಿ ಅರ್ಥವಿಲ್ಲ.

ಎಲ್ಲಿ, ಯಾವಾಗ ಕೊಳ್ಳುವುದು

ಸೊಪ್ಪು, ತರಕಾರಿ ರಾತ್ರಿ ಉಳಿದರೆ ಮಾರುವವರಿಗೆ ನಷ್ಟ. ಹಾಗಾಗಿ ದೇವರಾಜ ಮಾರುಕಟ್ಟೆಯಾಗಲಿ, ಮಂಡ್ಯದ ಪೇಟೆ ಬೀದಿಯಾಗಲಿ, ಕತ್ತಲಾಗುವ ಹೊತ್ತಿಗೆ ಬೆಲೆ ಇಳಿಯುತ್ತದೆ. ಜಾಸ್ತಿ ಬೇಕಾದರೆ ನಾಲ್ಕು ಮನೆಯವರು ಸೇರಿ ಬಂಡೀಪಾಳ್ಯದ ಎಪಿಎಂಸಿಯಿಂದ ಈರುಳ್ಳಿ, ಆಲೂಗಡ್ಡೆ ಮೂಟೆಗಟ್ಟಲೆ ತಂದು ಹಂಚಿಕೊಳ್ಳಬಹುದು. ಕಾಳನ್ನು ಸುಗ್ಗಿಯಲ್ಲಿ ವರ್ಷಕ್ಕೆ ಕೊಂಡು, ಒಣಗಿಸಿ ಇಟ್ಟುಕೊಳ್ಳುವುದು ಹಳೇ ಪದ್ಧತಿ. ಈಗಲೂ ಅದೇ ಲಾಭ.

ಹಣ್ಣು ಅಂದರೆ ಸೇಬು ಅಂದುಕೊಳ್ಳಬೇಡಿ. ಒಂದು ಸೀಬೆಹಣ್ಣಿನಲ್ಲಿರುವ ವಿಟಮಿನ್ ಸಿಗೆ ಸೇಬು ಎಲ್ಲೂ ಸಮನಲ್ಲ. ಪರಂಗಿ, ಬಾಳೆ, ನೆಲ್ಲಿಕಾಯಿ, ಆಯಾ ಕಾಲಕ್ಕೆ ಸಿಗುವುದು ಸಾಕು. ನಂಜನಗೂಡು ರಸಬಾಳೆಯ ಆಸೆ ಮಾತ್ರ ಹಬ್ಬಕ್ಕೆ ಇಟ್ಟುಕೊಳ್ಳಿ. ನುಗ್ಗೆ ಸೊಪ್ಪಿಗಂತೂ ಹಳ್ಳಿಗಳಲ್ಲಿ ದುಡ್ಡೇ ಇಲ್ಲ, ಕೇಳಿದರೆ ಕೊಂಬೆಯನ್ನೇ ಮುರಿದು ಕೊಡುತ್ತಾರೆ.

ರೇಷನ್ ಅಕ್ಕಿಯ 'ಪ್ಲಾಸ್ಟಿಕ್' ಕಾಳು

ರೇಷನ್ ಅಕ್ಕಿಯಲ್ಲಿ ಒಮ್ಮೊಮ್ಮೆ ಕೆಲವು ಕಾಳು ಬೇರೆ ಥರ ಕಾಣುತ್ತವೆ, ನೀರಿಗೆ ಹಾಕಿದರೆ ತೇಲುತ್ತವೆ ಅಂತ ಆರಿಸಿ ಬಿಸಾಡುವವರಿದ್ದಾರೆ. ಅದು ಪ್ಲಾಸ್ಟಿಕ್ ಅಲ್ಲ. ಅಕ್ಕಿ ಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12 ವಿಟಮಿನ್ ಬೆರೆಸಿ, ಯಂತ್ರದಲ್ಲಿ ಮತ್ತೆ ಅಕ್ಕಿಯ ಆಕಾರಕ್ಕೆ ತಂದ ಕಾಳು. ಇಂಥ ಅಕ್ಕಿಯಲ್ಲಿ 100 ಕಾಳಿಗೆ ಒಂದರಂತೆ ಬೆರೆಸಿರುತ್ತಾರೆ. ರಕ್ತಹೀನತೆ ಕಡಿಮೆ ಮಾಡುವುದು ಇದರ ಉದ್ದೇಶ. ಮೈ ಮುರಿಯುವ ಹಾಗೆ ಐದಾರು ಸಲ ತೊಳೆಯದೆ, ಒಂದೆರಡು ಸಲ ಹಗುರವಾಗಿ ತೊಳೆದು, ನೀರು ಬಸಿಯದೆ ಬೇಯಿಸಿ. ಥಲಸ್ಸೇಮಿಯಾದಂಥ ರಕ್ತದ ಕಾಯಿಲೆ ಇರುವವರು ಮಾತ್ರ ಡಾಕ್ಟರ್‌ನ ಕೇಳಬೇಕು.

ಬೆಲ್ಲ, ಎಣ್ಣೆ, ಲೇಬಲ್

ಮಂಡ್ಯದವರಿಗೆ ಬೇಜಾರಾಗಬಹುದು, ಆದರೆ ಬೆಲ್ಲವೂ ಸಕ್ಕರೆಯೇ. ಖನಿಜಾಂಶ ಒಂಚೂರು ಜಾಸ್ತಿ, ಅಷ್ಟೇ. ಶುಗರ್ ಇರುವವರಿಗೆ ಎರಡೂ ಒಂದೇ. ಕೊಳ್ಳುವುದಾದರೆ ಹೊಳೆಯುವ ಹಳದಿ ಅಚ್ಚಿಗಿಂತ ಕಂದು ಬಣ್ಣದ್ದು ವಾಸಿ. ಬೆಲ್ಲ ಬೆಳ್ಳಗೆ ಕಾಣಲಿ ಅಂತ ಪಾಕಕ್ಕೆ ರಾಸಾಯನಿಕ ಹಾಕುವ ಆಲೆಮನೆಗಳಿವೆ.

ಎಣ್ಣೆ ವಿಷಯದಲ್ಲಿ ಯಾವುದು ಅನ್ನುವುದಕ್ಕಿಂತ ಎಷ್ಟು ಅನ್ನುವುದು ಮುಖ್ಯ. ದಿನಕ್ಕೆ 27 ಗ್ರಾಂ ಅಂದರೆ ನಾಲ್ಕು ಜನಕ್ಕೆ ತಿಂಗಳಿಗೆ ಮೂರೂವರೆ ಲೀಟರ್. ಗಾಣದ ಎಣ್ಣೆ ಕೈಗೆಟುಕದಿದ್ದರೆ ಬಿಡಿ. ಮಾಮೂಲಿ ಎಣ್ಣೆಯನ್ನೇ ಅಳತೆಯಲ್ಲಿ ಬಳಸಿ, ಉಳಿದ ದುಡ್ಡಿಗೆ ಕಡಲೆಬೀಜ ತನ್ನಿ.

ಪ್ಯಾಕೆಟ್ ಕೊಳ್ಳಲೇಬೇಕಾದಾಗ ಹಿಂಭಾಗ ಓದಿ. ಯಾವುದು ಜಾಸ್ತಿ ಇದೆಯೋ ಅದು ಪಟ್ಟಿಯಲ್ಲಿ ಮೊದಲು ಬರಬೇಕು ಅನ್ನುವುದು ನಿಯಮ. ಮುಂದೆ ದೊಡ್ಡದಾಗಿ 'ರಾಗಿ ಬಿಸ್ಕತ್' ಅಂತಿದ್ದು ಹಿಂದೆ ಮೊದಲ ಹೆಸರು ಮೈದಾ, ಎರಡನೆಯದು ಸಕ್ಕರೆ ಆದರೆ ಅದು ಮೈದಾ ಬಿಸ್ಕತ್ತೇ.

ಯಾರು ಸ್ವಲ್ಪ ಹುಷಾರಾಗಿರಬೇಕು

ಶುಗರ್ ಇರುವವರು 'ಮುದ್ದೆ ಎಷ್ಟು ತಿಂದರೂ ನಡೆಯುತ್ತದೆ' ಅಂದುಕೊಳ್ಳಬಾರದು. ರಾಗಿಯಲ್ಲೂ ಮೂರರಲ್ಲಿ ಎರಡು ಪಾಲು ಪಿಷ್ಟವೇ. ಮುದ್ದೆ ಚಿಕ್ಕದಿರಲಿ, ಕಾಳು-ಸೊಪ್ಪು ಜಾಸ್ತಿ ಇರಲಿ. ಕಿಡ್ನಿ ತೊಂದರೆಯವರದ್ದು ಬೇರೆಯೇ ಲೆಕ್ಕ. ಪೊಟ್ಯಾಸಿಯಂ ಕಡಿಮೆ ಮಾಡಿ ಅಂತ ಡಾಕ್ಟರ್ ಹೇಳಿದ್ದರೆ, ಬೇರೆಯವರಿಗೆ ಒಳ್ಳೆಯದಾದ ಆ ಬಸ್ಸಾರಿನ ಕಟ್ಟೇ ಅವರಿಗೆ ಬೇಡದ್ದು. ಬಸಿದ ಸೊಪ್ಪಿನ ಪಲ್ಯದಲ್ಲಿ ಪೊಟ್ಯಾಸಿಯಂ ಕಡಿಮೆ. ಆದರೆ ಅದನ್ನೂ, ಕಾಳನ್ನೂ ಎಷ್ಟು ತಿನ್ನಬಹುದು ಅನ್ನುವುದನ್ನು ರಕ್ತ ಪರೀಕ್ಷೆಯ ರಿಪೋರ್ಟ್ ನೋಡಿದ ಡಾಕ್ಟರೇ ಹೇಳಬೇಕು.